ಐದು ಬ್ಯಾಂಡ್‌ಗಳ ಶೋ: ಕೊನೆಯ ಬ್ಯಾಂಡ್ ಹೊತ್ತಿಗೆ ಹೋದರೆ ಸಾಕಾ?

ಹುಬ್ಬಳ್ಳಿಯಲ್ಲಿ ಒಂದೇ ಸಂಜೆ ಐದು ಇಂಡೀ (ಮ್ಯೂಸಿಕ್ ಕಂಪನಿಯ ಹಂಗಿಲ್ಲದ) ರಾಕ್ ಬ್ಯಾಂಡ್ ನುಡಿಸುವ ಶೋಗೆ ಮೊದಲ ಸಲ ಹೋಗುತ್ತಿದ್ದೀರಿ. ಕೊನೆಯ ಬ್ಯಾಂಡಿನ ಹೆಸರು ಮಾತ್ರ ಗೊತ್ತು, ಆ ಹೊತ್ತಿಗೆ ಹೋದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ದಯವಿಟ್ಟು ಮೊದಲ ಬ್ಯಾಂಡಿಗೇ ಹೋಗಿ.

ದೊಡ್ಡ ಬ್ಯಾಂಡಿನ ಹಾಡು ಮೊಬೈಲಿನಲ್ಲೂ ಸಿಗುತ್ತದೆ. ಮೊದಲು ಸ್ಟೇಜ್ ಹತ್ತುವವರು ಸಾಮಾನ್ಯವಾಗಿ ನಮ್ಮ ಕಡೆಯ ಹುಡುಗ ಹುಡುಗಿಯರು. ಹಿಂದೆ ಯಾವ ಕಂಪನಿಯೂ ಇಲ್ಲ. ಸ್ವಂತ ದುಡ್ಡು, ಸ್ವಂತ ಹಾಡು. ಎಷ್ಟೋ ಹಾಡು ಇನ್ನೂ ರೆಕಾರ್ಡ್ ಕೂಡ ಆಗಿರುವುದಿಲ್ಲ, ಅಲ್ಲಿ ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕಳೆದ ಸಲ ಒಂದು ಕಾಲೇಜ್ ಮೈದಾನದಲ್ಲಿ ಎರಡನೆಯದಾಗಿ ಬಂದವರು ಮೂರು ಜನ ಹುಡುಗರು. ಉಣಕಲ್ ಕೆರೆ ಮೇಲೆ, ನಮ್ಮ ಮಾತಿನಲ್ಲೇ ಒಂದು ಹಾಡು. ನಡುವೆ ಗಿಟಾರಿನ ತಂತಿ ಪಟ್ ಅಂತ ಹರಿಯಿತು. ಡ್ರಮ್ಸ್ ನಿಲ್ಲಲಿಲ್ಲ. ಬೇಸ್ ನುಡಿಸುವವನು ಡ್ರಮ್ಸ್ ಕಡೆ ತಿರುಗಿ, ಅದೇ ನಾಲ್ಕು ಸ್ವರ ಮತ್ತೆ ಮತ್ತೆ ನುಡಿಸುತ್ತಾ ನಿಂತ. ಅಷ್ಟರಲ್ಲಿ ಮುಂದಿನ ಬ್ಯಾಂಡಿನ ಹುಡುಗಿ ಓಡಿ ಬಂದು ತನ್ನ ಗಿಟಾರ್ ಚಾಚಿದಳು. "ಹಿಡಿಯೋ, ಟ್ಯೂನ್ ಐತಿ!" ಮಾತು ಮೈಕಿಗೆ ಸಿಕ್ಕು ಇಡೀ ಮೈದಾನಕ್ಕೆ ಕೇಳಿಸಿತು. ಗಿಟಾರಿನವನು ಬಿಟ್ಟ ಸಾಲಿನಿಂದಲೇ ಎತ್ತಿಕೊಂಡ. ಆಗ ಬಿದ್ದ ಚಪ್ಪಾಳೆ ಕೊನೆಯ ಬ್ಯಾಂಡಿಗೂ ಬೀಳಲಿಲ್ಲ.

ಹೊಸಬರನ್ನು ಕೂತು ಕೇಳುವುದು ನಮಗೆ ಹೊಸದೇನಲ್ಲ. ಕುಂದಗೋಳದಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನ ಉತ್ಸವಕ್ಕೆ ಜನ ರಾತ್ರಿಯಿಡೀ ಕೂರುತ್ತಾರೆ. ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕೂಡ ಒಂದು ಕಾಲಕ್ಕೆ ಹೊಸಬರೇ ಅಲ್ವಾ? ಇನ್ನು ರಾಕ್ ನಮ್ಮ ನೆಲಕ್ಕೆ ಒಗ್ಗಲ್ಲ ಅನ್ನುವವರ ಮಾತು ಬಿಡಿ. ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿ ಊರೂರಿಗೆ ಮುಟ್ಟಿಸಿದ್ದು ಹಾವೇರಿ ಜಿಲ್ಲೆಯ ಶಿಶುನಾಳ ಶರೀಫರ ಪದವನ್ನೇ.

ಬ್ಯಾಂಡ್ ಬದಲಾಗುವಾಗ ಹದಿನೈದು ಇಪ್ಪತ್ತು ನಿಮಿಷ ಖಾಲಿ ಹೋಗುತ್ತದೆ. ಬೇಜಾರಾಗಬೇಡಿ. ಡ್ರಮ್ ಸೆಟ್ ಎಲ್ಲರಿಗೂ ಒಂದೇ ಇರುತ್ತದೆ, ಆದರೆ ಸ್ನೇರ್ (ಚುರುಕು ಸದ್ದಿನ ಡ್ರಮ್) ಮತ್ತು ಸಿಂಬಲ್ (ಲೋಹದ ತಟ್ಟೆ) ಮಾತ್ರ ಹೆಚ್ಚಿನವರು ತಮ್ಮದೇ ತರುತ್ತಾರೆ. ಅದನ್ನು ಬಿಚ್ಚಿ, ಕಟ್ಟಿ, ಒಂದೊಂದು ಮೈಕನ್ನೂ ಪರೀಕ್ಷೆ ಮಾಡಬೇಕು. ಸಾಮಾನ್ಯವಾಗಿ ಸರಿಯಾಗಿ ಸೌಂಡ್ ಚೆಕ್ (ಶೋಗೆ ಮುಂಚೆ ನುಡಿಸಿ ದನಿ ಹೊಂದಿಸಿಕೊಳ್ಳುವುದು) ಸಿಗುವುದು ಕೊನೆಯ ಬ್ಯಾಂಡಿಗೆ. ಮೊದಲಿನವರ ಮೊದಲ ಹಾಡಿನಲ್ಲಿ ದನಿ ಸರಿ ಕೇಳದಿದ್ದರೆ ಅದು ಅವರ ತಪ್ಪಲ್ಲ, ಎರಡನೇ ಹಾಡಿನವರೆಗೆ ತಾಳಿ. ತಡವಾದರೆ ಹಾಡು ಕತ್ತರಿಸುವುದೂ ಈ ಮಕ್ಕಳದ್ದೇ. ಬಯಲಲ್ಲಿ ರಾತ್ರಿ ಹತ್ತರ ಮೇಲೆ ಸಾಮಾನ್ಯವಾಗಿ ಸ್ಪೀಕರ್ ಹಾಕುವಂತಿಲ್ಲ, ಹಾಗಾಗಿ ಎಲ್ಲಾ ಅಷ್ಟರೊಳಗೆ ಮುಗಿಯಬೇಕು. ನನಗೆ ಜಾಸ್ತಿ ಸಂಕಟವಾಗುವುದು ಇದಕ್ಕೇ.

ಸ್ಪೀಕರ್ ಮುಂದೆ ನಿಲ್ಲಬೇಡಿ. ಜನರ ನಡುವೆ ಸೌಂಡ್ ಇಂಜಿನಿಯರ್ ಕೂತಿರುವ, ದನಿ ಹೊಂದಿಸುವ ಮಿಕ್ಸರ್ ಹತ್ತಿರ ನಿಲ್ಲಿ. ಅವರು ತಮ್ಮ ಕಿವಿಗೆ ಕೇಳುವುದನ್ನೇ ಹದ ಮಾಡುತ್ತಿರುತ್ತಾರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಒಂದು ಜೊತೆ ಜೇಬಲ್ಲಿರಲಿ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯುವ ಕಿವಿ, 100 ಡೆಸಿಬಲ್ ಆದರೆ ಹದಿನೈದೇ ನಿಮಿಷ ತಡೆಯುತ್ತದೆ ಅನ್ನುವುದು ತಜ್ಞರ ಲೆಕ್ಕ. ರಾಕ್ ಶೋಗಳಲ್ಲಿ 100 ದಾಟುವುದು ಮಾಮೂಲು.

ಮೊದಲ ಬ್ಯಾಂಡ್ ಇಷ್ಟವಾದರೆ ಅವರು ಇಳಿದ ಮೇಲೆ ಹೋಗಿ ಮಾತಾಡಿಸಿ, ಯಾವ ಹಾಡು ಹಿಡಿಸಿತು ಅಂತ ಹೇಳಿ. ಟೀ ಶರ್ಟ್ ಮಾರುತ್ತಿದ್ದರೆ ಒಂದು ತಗೊಳ್ಳಿ, ಆ ದುಡ್ಡು ನೇರ ಅವರ ಕೈಗೇ ಹೋಗುತ್ತದೆ. ಧಾರವಾಡಕ್ಕೆ ವಾಪಸ್ ಹೋಗುವವರಾದರೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕೊನೆಯದು ಎಷ್ಟು ಗಂಟೆಗೆ ಅಂತ ಬರುವಾಗಲೇ ಕೇಳಿಟ್ಟುಕೊಳ್ಳಿ.