ಮಲಗಿರಲಿ ಬಿಡಿ ಎನ್ನುವ ಮೊದಲು

ತೀರ್ಥಹಳ್ಳಿ ತಾಲ್ಲೂಕಿನ ತಾಯಿಯೊಬ್ಬರು ಬರೆದಿದ್ದಾರೆ: ಶಿವಮೊಗ್ಗದಲ್ಲಿ ಬಿ.ಕಾಂ. ಓದುತ್ತಿದ್ದ ಮಗ ಎರಡನೇ ವರ್ಷದ ನಡುವೆ ಕಾಲೇಜು ಬಿಟ್ಟು ಮನೆ ಸೇರಿದ್ದಾನೆ. ವೈದ್ಯರು ಖಿನ್ನತೆ ಎಂದು ಮಾತ್ರೆ ಕೊಟ್ಟಿದ್ದಾರೆ. ‘ಪೂರ್ತಿ ಗುಣವಾಗುವ ತನಕ ಓದು, ಕೆಲಸದ ಮಾತೇ ಎತ್ತಬಾರದು ಅಂತ ತೀರ್ಮಾನಿಸಿದ್ದೇವೆ. ಸರಿಯಲ್ಲವೇ?’

ಅಮ್ಮಾ, ಸೋಮಾರಿ ಎಂದು ಬೈಯದೆ ವೈದ್ಯರ ಬಳಿ ಕರೆದೊಯ್ದಿರಲ್ಲ, ಅದಕ್ಕೆ ನಿಮ್ಮ ಮನೆಯವರನ್ನು ಮೆಚ್ಚಬೇಕು. ವಿಶ್ರಾಂತಿಗೂ ಒಂದು ಕಾಲವಿದೆ. ಊಟ, ನಿದ್ದೆ ತೀರಾ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ, ಉಳಿದೆಲ್ಲ ಬದಿಗಿಟ್ಟು ಚಿಕಿತ್ಸೆಯೇ ಮೊದಲು. ತೋಟದ ಕಳೆನಾಶಕ, ಕೀಟನಾಶಕಗಳನ್ನು ಇವತ್ತೇ ಬೀಗದೊಳಗಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆದರೆ ‘ಪೂರ್ತಿ ಗುಣವಾಗುವ ತನಕ’ ಎಂಬುದನ್ನು ನಾವು ಒಪ್ಪಲಾರೆವು. ಮನಸ್ಸು ಬಂದಾಗ ಏಳೋಣವೆಂದು ಕಾಯುತ್ತ ಮಲಗಿದಷ್ಟೂ ಹಿತವೆನಿಸುವ ಸಂಗತಿಗಳು ದೂರವಾಗುತ್ತವೆ, ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರೇ ಆರೆಂಟು ಭೇಟಿಗಳಲ್ಲಿ ತೀವ್ರ ಖಿನ್ನತೆಯವರನ್ನು ಚಟುವಟಿಕೆಗೆ ಮರಳಿಸಿದರು. ಮೂರು ತಿಂಗಳಲ್ಲಿ ಅವರ ಪೈಕಿ ಶೇ. 64 ಮಂದಿ ಚೇತರಿಸಿಕೊಂಡರು. ಈ ನೆರವು ಸಿಗದವರಲ್ಲಿ ಶೇ. 39.

ಮೊದಲ ವಾರ ಏಳುವ ಹೊತ್ತನ್ನಷ್ಟೇ ಹಿಡಿಯಿರಿ. ರಾತ್ರಿ ನಿದ್ದೆ ಬರಲಿ ಬಿಡಲಿ, ಏಳು ಗಂಟೆಗೆ ಜಗಲಿಗೆ ಬರಬೇಕು; ಮಳೆಗಾಲದಲ್ಲಿ ಒಳಮನೆಯ ಕತ್ತಲೆ ಹಗಲು ರಾತ್ರಿಯ ಲೆಕ್ಕವನ್ನೇ ತಪ್ಪಿಸುತ್ತದೆ. ಜೊತೆಗೆ ಹದಿನೈದು ನಿಮಿಷದ ಒಂದು ಕೆಲಸ. ‘ತೋಟ ನೋಡ್ಕೊ’ ಎಂದರೆ ಅದಕ್ಕೆ ತುದಿಮೊದಲಿಲ್ಲ. ‘ಡೈರಿಗೆ ಹಾಲು ಹಾಕಿ ಬಾ’ ಎನ್ನಿ. ದಾರಿಯಲ್ಲಿ ಯಾರಾದರೂ ‘ಕಾಲೇಜಿಲ್ವೇನೋ?’ ಎಂದು ಕೇಳಿಯೇ ಕೇಳುತ್ತಾರೆ, ಹುಡುಗರು ಹೊರಗೆ ಕಾಲಿಡದಿರುವುದೇ ಆ ಪ್ರಶ್ನೆಗೆ ಹೆದರಿ. ‘ಹುಷಾರಿಲ್ಲ, ಸ್ವಲ್ಪ ದಿನ ಮನೇಲಿದೀನಿ’ ಎಂಬ ಉತ್ತರವನ್ನು ಇಬ್ಬರೂ ಕೂತು ಮೊದಲೇ ಗೊತ್ತುಮಾಡಿಕೊಳ್ಳಿ. ಹೋಗುವ ಮುಂಚೆ, ಬಂದ ಮೇಲೆ ಮನಸ್ಸು ಹೇಗಿತ್ತೆಂದು ಹತ್ತಕ್ಕೆ ಅಂಕ ಹಾಕಿ ಬರೆದಿಡಲಿ. ಮೂರಿದ್ದದ್ದು ನಾಲ್ಕಾದರೂ ವೈದ್ಯರಿಗೆ ತೋರಿಸಿ.

ಹೆಚ್ಚಿನವರು ಎಡವುವುದು ಒಳ್ಳೆಯ ದಿನದಲ್ಲಿ. ಗೆಲುವೆನಿಸಿದ ಕೂಡಲೇ ಬಾಕಿ ವಿಷಯಗಳನ್ನೆಲ್ಲ ಹರಡಿಕೊಂಡು ಕೂರುತ್ತಾರೆ, ಮರುದಿನ ಏಳಲಾಗದೆ ‘ನನ್ನ ಕೈಲಾಗಲ್ಲ’ ಎನ್ನುತ್ತಾರೆ. ಒಳ್ಳೆಯ ದಿನವೂ ಗೊತ್ತುಮಾಡಿದ್ದನ್ನು ಮೀರಬಾರದು. ಕುಗ್ಗಿದ ದಿನ ಅರ್ಧಕ್ಕಿಳಿಸಿ, ಪೂರ್ತಿ ಬಿಡಬೇಡಿ. ಎರಡು ವಾರ ಹೀಗೆ ನಡೆದರೆ ಪುಸ್ತಕ ತೆಗೆಯಲಿ: ಸುಲಭವೆನಿಸುವ ಒಂದೇ ವಿಷಯ, ದಿನಕ್ಕೆ ಇಪ್ಪತ್ತು ನಿಮಿಷ.

ಮಾತ್ರೆಯ ಫಲ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳ ಹೊಟ್ಟೆ ತೊಳಸಿಗೆ ಹೆದರಿ ನೀವಾಗಿ ನಿಲ್ಲಿಸಬೇಡಿ. ಚಡಪಡಿಕೆ ಹೆಚ್ಚಾದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ನಮ್ಮ ಸಿಟ್ಟಿರುವುದು ವ್ಯವಸ್ಥೆಯ ಮೇಲೆ. ಗೋವಾದಲ್ಲಿ ಸಾಧ್ಯವಾದದ್ದು ಮಲೆನಾಡಿನ ಹೋಬಳಿಗಳಲ್ಲಿ ಏಕಾಗದು? ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿಬರಲು ಇಡೀ ದಿನ ಬೇಕು. ಹಾಸಿಗೆ ಬಿಟ್ಟೇಳಲಾಗದವನನ್ನೇ ಆ ಬಸ್ಸು ಹತ್ತಿಸುತ್ತಿದ್ದೇವೆ. ಚಿಕಿತ್ಸೆಯಲ್ಲಿ ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮನಾಗಿ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆ ಸಮಾನತೆ ಕಾಲೇಜಿನ ಗೇಟು ದಾಟಿಲ್ಲ. ಕಾಲು ಮುರಿದವನಿಗೆ ಸಿಗುವ ರಿಯಾಯಿತಿ ಕೇಳಿದರೆ ಖಿನ್ನತೆಯವನ ಮುಂದೆ ಶೇ. 75ರ ಹಾಜರಿ ನಿಯಮ ಹಿಡಿಯುತ್ತಾರೆ. ಅರ್ಧ ವಿಷಯಗಳನ್ನಷ್ಟೇ ತೆಗೆದುಕೊಂಡು ಮರಳುವ ದಾರಿಯೊಂದಿದ್ದರೆ ಎಷ್ಟು ಮಕ್ಕಳ ಓದು ಉಳಿಯುತ್ತಿತ್ತು!

ಆ ದಾರಿ ಆಗುವ ತನಕ ನೀವು ಕಾಯುತ್ತ ಕೂರಬೇಡಿ. ವೈದ್ಯರ ಪ್ರಮಾಣಪತ್ರ ಲಗತ್ತಿಸಿ ಪ್ರಾಂಶುಪಾಲರಿಗೆ ಈ ವಾರವೇ ಅರ್ಜಿ ಕೊಟ್ಟು, ನಕಲಿನ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೆಮಿಸ್ಟರ್ ಮುಗಿದ ಮೇಲೆ ಕೊಟ್ಟ ಪ್ರಮಾಣಪತ್ರವನ್ನು ಅಲ್ಲಿ ಯಾರೂ ಓದುವುದಿಲ್ಲ.