ವಸಡು ಕೆಳಗಿಳಿದಿದ್ದಕ್ಕೆ ಮಾಡಿಸಿದ ಸರ್ಜರಿ ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಚೆನ್ನಾಗಿ ನೋಡಿಕೊಂಡರೆ 10 ವರ್ಷಕ್ಕೂ ಜಾಸ್ತಿ ಬರಬಹುದು. ಆದರೆ ಯಾವ ಸರ್ಜರಿ ಅನ್ನೋದು ಮುಖ್ಯ. ಇರುವ ವಸಡನ್ನೇ ಎಳೆದು ಹೊಲಿದರೆ, ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪವೇ ಮತ್ತೆ ಇಳಿಯುವುದುಂಟು. ಅಂಗುಳಿನಿಂದ ತೆಳುವಾದ ಪದರ ತೆಗೆದು ವಸಡಿನಡಿ ಇಟ್ಟು ಹೊಲಿದರೆ ವಸಡು ದಪ್ಪವಾಗುತ್ತದೆ, ಹೆಚ್ಚು ಕಾಲ ನಿಲ್ಲುತ್ತದೆ. (ಒಂದೆರಡು ವಾರ ಅಂಗುಳು ಉರಿಯುತ್ತದೆ, ಬಿಸಿ ಸಾರು ಮುಟ್ಟುವ ಹಾಗಿಲ್ಲ!)

ಹಲ್ಲುಗಳ ನಡುವಿನ ಮೂಳೆ ಸವೆದಿದ್ದರೆ, ವಸಡು ಇಳಿದು ಹೊರಗೆ ಕಾಣುವ ಹಲ್ಲಿನ ಬೇರನ್ನು ಪೂರ್ತಿ ಮುಚ್ಚುವುದು ಕಷ್ಟ. ವಸಡು ಇಳಿದಿರುವುದನ್ನು ನಾಲ್ಕು ದರ್ಜೆಯಾಗಿ ವಿಂಗಡಿಸುವ 1985ರ ಮಿಲ್ಲರ್ ವರ್ಗೀಕರಣದಲ್ಲಿ ಇವು ಮೂರು, ನಾಲ್ಕನೇ ದರ್ಜೆಯವು.

ಇನ್ನು, ಆದ ಸರ್ಜರಿಯನ್ನು ಎಷ್ಟೋ ಸಲ ಕೆಡಿಸುವುದು ನಮ್ಮ ಕೈಯೇ. ಹೊಸ ಬ್ರಷ್ಷಿನ ಎಳೆಗಳು ತಿಂಗಳೊಳಗೇ ಹೊರಕ್ಕೆ ಬಾಗಿದ್ದರೆ, ನೀವು ಪಾತ್ರೆ ತಿಕ್ಕುವ ಹಾಗೆ ಹಲ್ಲುಜ್ಜುತ್ತಿದ್ದೀರಿ ಅಂತ ಅರ್ಥ. ಮೆತ್ತನೆ ಬ್ರಷ್ ತಗೊಳ್ಳಿ. ಬೀಡಿ, ಸಿಗರೇಟ್ ಇದ್ದರೆ ಬಿಡಿ.