ಸಂಪಾದಕರ ಉತ್ತರ: ಉತ್ತರ ದಿಕ್ಕಿನ ಅಜ್ಜಿ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಕಾಗದ ಕೈಸೇರಿತು. ಎರಡು ಸಲ ಓದಿದೆ. ಉಳಿದ ಓದುಗರಿಗೂ ವಿಷಯ ತಿಳಿಯಲಿ ಅಂತ ಮೊದಲು ಅದರ ಸಾರ ಹೇಳುತ್ತೇನೆ.

ನಮ್ಮ ಮಕ್ಕಳ ಪುಟಗಳಲ್ಲಿ ಓಜ್ ದೇಶದ ಕಥೆ ಕಂತುಗಳಲ್ಲಿ ಬರುತ್ತಿದೆ. ಅಮೆರಿಕದ ಕಾನ್ಸಾಸ್‌ನಿಂದ ಬಿರುಗಾಳಿಗೆ ಹಾರಿ ಆ ಮಾಯಾದೇಶಕ್ಕೆ ಬಂದುಬಿದ್ದ ಡೊರೊತಿ ಅನ್ನುವ ಹುಡುಗಿ ಮನೆಗೆ ಮರಳಲು ದಾರಿ ಹುಡುಕುವ ಕಥೆ ಅದು. ರಾತ್ರಿ ಮಲಗುವ ಮುಂಚೆ ನೀವು ಅದನ್ನು ಎಂಟು ವರ್ಷದ ಮೊಮ್ಮಗಳಿಗೆ ಓದಿ ಹೇಳುತ್ತೀರಿ. ಎರಡನೇ ಕಂತಿನಲ್ಲಿ ‘ಒಳ್ಳೆಯ ಮಾಟಗಾತಿ’ ಅಂತ ಬಂತು. ಆ ಮಾತು ನಿಮ್ಮ ಬಾಯಲ್ಲಿ ಹೊರಡಲಿಲ್ಲ. ನೀವು ಚಿಕ್ಕವರಿದ್ದಾಗ ನಿಮ್ಮ ಊರಲ್ಲಿ ಒಂಟಿಯಾಗಿದ್ದ ಒಬ್ಬ ಹೆಂಗಸಿಗೆ ಅದೇ ಹೆಸರು ಅಂಟಿತ್ತು. ಅವರ ಮನೆಯಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಹಾಗಾಗಿ ನೀವು ಆ ಪದ ಬಿಟ್ಟು ‘ಕಿನ್ನರಿ’ ಅಂತ ಓದಿದಿರಿ. ತಕ್ಷಣ ಮೊಮ್ಮಗಳು ಕೇಳಿದಳು: “ಕಿನ್ನರಿ ಅಂದ್ರೆ ಡೊರೊತಿ ಯಾಕಜ್ಜಿ ಹೆದರಿದ್ಲು?”

ಅವಳ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ಮೈತುಂಬ ಸುಕ್ಕಿದ್ದ ಮುದುಕಿ ಅಂತ ಕಥೆ ಹೇಳುತ್ತದೆ, ಚಿತ್ರದಲ್ಲಿ ಗುಲಾಬಿ ಲಂಗದ ಚೆಲುವೆ ಯಾಕಿದ್ದಾಳೆ? ಬೆಳ್ಳಿ ಪಾದರಕ್ಷೆಯಲ್ಲೇ ಮನೆಗೆ ಹೋಗಬಹುದಿತ್ತು ಅಂತ ಅಪ್ಪನಿಂದ ಕೇಳಿದ್ದೇನೆ, ಆ ಮಾಟಗಾತಿ ಅದನ್ನು ಮೊದಲ ದಿನವೇ ಯಾಕೆ ಹೇಳಲಿಲ್ಲ? ಕೊನೆಗೆ, ನಾಯಿ ಟೊಟೊ ಬೊಗಳಿದ್ದು ಯಾಕೆ?

ಚಿತ್ರದ ವಿಷಯ ಮೊದಲು. ಅದು ನಮ್ಮ ತಪ್ಪು. ಕಲಾವಿದರಿಗೆ ಕಥೆ ಕೊಡುವಾಗ ಅಧ್ಯಾಯದ ಅಷ್ಟೂ ಪಠ್ಯ ಕೊಡಬೇಕಿತ್ತು, ನಾನು ಬರೀ ‘ಒಳ್ಳೆಯ ಮಾಟಗಾತಿ’ ಅಂತ ಬರೆದು ಕಳಿಸಿದೆ. ಅವರ ಮನಸ್ಸಿಗೆ ಬಂದದ್ದು 1939ರ ಹಾಲಿವುಡ್ ಸಿನಿಮಾದ ಗ್ಲಿಂಡಾ. ಜಗತ್ತಿನ ಬಹುಪಾಲು ಜನರಿಗೆ ಬರುವುದೂ ಅದೇ. ಆ ಸಿನಿಮಾದಲ್ಲಿ ಅವಳು ಗುಲಾಬಿ ಉಡುಪು ತೊಟ್ಟು, ದೊಡ್ಡ ಗುಳ್ಳೆಯೊಳಗೆ ತೇಲಿ ಬರುತ್ತಾಳೆ. ಪಾತ್ರ ಮಾಡಿದ ಬಿಲ್ಲಿ ಬರ್ಕ್ ಅವರಿಗೆ ಆಗ 54 ವರ್ಷ. ಆದರೂ ತೆರೆಯ ಮೇಲೆ ಅವಳನ್ನು ಹರೆಯದ ರಾಣಿಯ ಹಾಗೆ ತೋರಿಸಿದರು. ಕೆಟ್ಟ ಮಾಟಗಾತಿಯರು ಮಾತ್ರ ಕುರೂಪಿಗಳು ಅಂತ ಅವಳ ಬಾಯಲ್ಲೇ ಹೇಳಿಸಿದರು. ಈ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಯಾಕೆಂದರೆ ಮೂಲ ಪುಸ್ತಕ ಇದಕ್ಕೆ ಪೂರ್ತಿ ವಿರುದ್ಧ.

ಪುಸ್ತಕ ಬಂದದ್ದು 1900ರಲ್ಲಿ, ಷಿಕಾಗೋದಿಂದ. ಬರೆದವರು ಎಲ್. ಫ್ರಾಂಕ್ ಬಾಮ್. ಚಿತ್ರ ಬರೆದವರು ಡಬ್ಲ್ಯೂ. ಡಬ್ಲ್ಯೂ. ಡೆನ್‌ಸ್ಲೋ. ಅದರಲ್ಲಿ ಒಳ್ಳೆಯ ಮಾಟಗಾತಿಯರು ಇಬ್ಬರು. ಉತ್ತರ ದಿಕ್ಕಿನವಳು ಒಬ್ಬಳು, ದಕ್ಷಿಣದ ಗ್ಲಿಂಡಾ ಇನ್ನೊಬ್ಬಳು. ಸಿನಿಮಾದವರು ಇಬ್ಬರನ್ನೂ ಕಲಸಿ ಒಬ್ಬಳನ್ನಾಗಿ ಮಾಡಿದರು. ನಿಮ್ಮ ಮೊಮ್ಮಗಳ ಪಾದರಕ್ಷೆಯ ಪ್ರಶ್ನೆ ಹುಟ್ಟಿದ್ದೂ ಇಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಉತ್ತರದವಳನ್ನು ಒಮ್ಮೆ ನೋಡಿ. ಬಿರುಗಾಳಿಗೆ ಹಾರಿಬಂದ ಡೊರೊತಿಯ ಮನೆ ಪೂರ್ವದ ಕೆಟ್ಟ ಮಾಟಗಾತಿಯ ಮೇಲೆ ಬಿದ್ದಿದೆ. ಹುಡುಗಿ ಬಾಗಿಲು ತೆಗೆದರೆ ಮೂವರು ಕುಳ್ಳ ಗಂಡಸರ ಜೊತೆ ಒಬ್ಬಳು ಪುಟ್ಟ ಮುದುಕಿ ಬರುತ್ತಿದ್ದಾಳೆ. ಮುಖವೆಲ್ಲ ಸುಕ್ಕು. ತಲೆ ಹೆಚ್ಚುಕಡಿಮೆ ಪೂರ್ತಿ ನರೆತಿದೆ. ನಡಿಗೆ ಬಿಗಿ, ಮಂಡಿ ನೋವಿದ್ದವರ ಹಾಗೆ. ಬಿಳಿ ನಿಲುವಂಗಿಯ ಮೇಲೆ ಸಣ್ಣ ಸಣ್ಣ ನಕ್ಷತ್ರಗಳು ಮಿನುಗುತ್ತಿವೆ. ಇವಳೇ ಕಥೆಯಲ್ಲಿ ನಮಗೆ ಸಿಗುವ ಮೊದಲ ಮಾಟಗಾತಿ.

ತಾನು ಮಾಟಗಾತಿ ಅಂತ ಅವಳೇ ಹೇಳಿದಾಗ ಡೊರೊತಿಗೆ ಅರ್ಧ ಹೆದರಿಕೆ. “ಮಾಟಗಾತಿಯರೆಲ್ಲ ಕೆಟ್ಟವರು ಅಂದುಕೊಂಡಿದ್ದೆ” ಅನ್ನುತ್ತಾಳೆ. ಅಜ್ಜಿ ಅದನ್ನು ಅಲ್ಲಗಳೆಯುತ್ತಾಳೆ, ಅದು ದೊಡ್ಡ ತಪ್ಪು ತಿಳುವಳಿಕೆ ಅನ್ನುತ್ತಾಳೆ. ಈಗ ನೋಡಿ, ಇಲ್ಲಿ ‘ಕಿನ್ನರಿ’ ಅಂತ ಹಾಕಿದರೆ ಹೆದರಿಕೆಗೆ ಕಾರಣವೇ ಇಲ್ಲ. ಅಜ್ಜಿ ತಿದ್ದುವುದಕ್ಕೂ ಏನೂ ಉಳಿಯುವುದಿಲ್ಲ. ಎಂಟು ವರ್ಷದ ಮಗು ಅದನ್ನು ಒಂದೇ ಸಲಕ್ಕೆ ಕಂಡುಹಿಡಿಯಿತು. ನಮ್ಮ ಕಚೇರಿಯಲ್ಲಿ ಈ ಪದದ ಮೇಲೆ ಎರಡು ಮಧ್ಯಾಹ್ನ ಚರ್ಚೆ ನಡೆದಿತ್ತು.

ಬೇರೆ ಪದಗಳನ್ನೂ ನೋಡಿದೆವು. ‘ಯಕ್ಷಿಣಿ’ ಅಂದರೆ ಕೆಲವರಿಗೆ ಜಾದೂ ಆಟ ನೆನಪಾಗುತ್ತದೆ, ಕರಾವಳಿಯ ಕಡೆ ಕೆಲವರಿಗೆ ಭಯವೇ ಆಗುತ್ತದೆ. ‘ದೇವತೆ’ ಅಂದರೆ ಇನ್ನೂ ಕಷ್ಟ. ದೇವತೆ ಕೈಯೆತ್ತಿದರೆ ಎಲ್ಲ ಸರಿಹೋಗಬೇಕು. ಈ ಅಜ್ಜಿಗೆ ಆ ಶಕ್ತಿ ಇಲ್ಲ. ಇಲ್ಲಿ ಆಳುತ್ತಿದ್ದ ಕೆಟ್ಟವಳಷ್ಟು ಬಲ ತನಗಿಲ್ಲ, ಇದ್ದಿದ್ದರೆ ಈ ಜನರನ್ನು ತಾನೇ ಬಿಡಿಸುತ್ತಿದ್ದೆ ಅಂತ ಅವಳು ನೇರವಾಗಿ ಒಪ್ಪಿಕೊಳ್ಳುತ್ತಾಳೆ. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಈ ಮಾತಿನಲ್ಲಿ.

ಇನ್ನು ‘ಮಾಟ’ ಅನ್ನುವ ಪದವನ್ನೇ ಸ್ವಲ್ಪ ನೋಡೋಣ. ಆಡು, ಆಟ. ಓಡು, ಓಟ. ನೋಡು, ನೋಟ. ಹಾಗೇ ಮಾಡು, ಮಾಟ. ಮೂಲದಲ್ಲಿ ಮಾಟ ಅಂದರೆ ಮಾಡುವಿಕೆ, ಕೆಲಸ. ಚೆನ್ನಾಗಿ ಮಾಡಿದ್ದರ ಅಂದಕ್ಕೂ ಅದೇ ಪದ. ‘ಮೈಮಾಟ’ ಅಂತ ಇವತ್ತಿಗೂ ಹೇಳುತ್ತೇವೆ, ಅಲ್ವಾ? ಆಟ ಆಡುವವಳು ಆಟಗಾತಿ, ಹಾಡುವವಳು ಹಾಡುಗಾತಿ. ಪದದಲ್ಲಿ ವಿಷ ಇರಲಿಲ್ಲ. ನಾವು ಬೆರೆಸಿದೆವು. ಪಕ್ಕದ ಮನೆಯ ಎಮ್ಮೆ ಹಾಲು ಬತ್ತಿಸಿದರೆ, ಕೂಸಿಗೆ ಜ್ವರ ಬಂದರೆ, ಊರಿನಲ್ಲಿ ದಿಕ್ಕಿಲ್ಲದ ಹೆಂಗಸಿನ ಕಡೆ ಬೆರಳು ತೋರಿಸಿದೆವು.

ಇದು ಬರೀ ಹಳೆಯ ಕಾಲದ ಮಾತಲ್ಲ. ಹೆಂಗಸರನ್ನು ‘ಡಾಯನ್’, ಅಂದರೆ ಮಾಟಗಾತಿ, ಅಂತ ಕರೆದು ಹಿಂಸಿಸುವುದನ್ನು ತಡೆಯಲು ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಕಾಯ್ದೆ ತರಬೇಕಾಯಿತು. ನಮ್ಮ ಕರ್ನಾಟಕದಲ್ಲೂ ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ಕಾಯ್ದೆ ಆಯಿತು. ನೀವು ಬರೆದ ಆ ಹೆಂಗಸಿನ ವಿಷಯ ಓದಿ ನನಗೆ ತುಂಬಾ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಆದರೆ ಬಾಮ್ ಕಥೆಯಲ್ಲೂ ಇಂಥದೇ ಒಂದು ನೆರಳಿದೆ. ಡೊರೊತಿ ಅಜ್ಜಿಗೆ ಹೇಳುತ್ತಾಳೆ: ಮಾಟಗಾತಿಯರೆಲ್ಲ ಎಷ್ಟೋ ವರ್ಷಗಳ ಹಿಂದೆಯೇ ಸತ್ತುಹೋದರಂತೆ, ಎಮ್ ಚಿಕ್ಕಮ್ಮ ಹೇಳಿದ್ದಾಳೆ. ಅಜ್ಜಿ ಸ್ವಲ್ಪ ಯೋಚಿಸಿ, ಕಾನ್ಸಾಸ್ ನಾಗರಿಕ ದೇಶವಾ ಅಂತ ಕೇಳುತ್ತಾಳೆ. ಹೌದು ಅನ್ನುತ್ತಾಳೆ ಹುಡುಗಿ. ಹಾಗಾದರೆ ಸರಿ, ನಾಗರಿಕ ದೇಶಗಳಲ್ಲಿ ಮಾಟಗಾತಿಯರು ಉಳಿದಿಲ್ಲ ಅಂತ ಕೇಳಿದ್ದೇನೆ, ಓಜ್ ಇನ್ನೂ ನಾಗರಿಕವಾಗಿಲ್ಲ ಅನ್ನುತ್ತಾಳೆ ಅಜ್ಜಿ. ಮಕ್ಕಳು ಇದನ್ನು ಸುಮ್ನೆ ಓದಿಕೊಂಡು ಮುಂದೆ ಹೋಗುತ್ತಾರೆ. ದೊಡ್ಡವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ನಾಗರಿಕ ದೇಶಗಳಲ್ಲಿ ಅವರು ಹೇಗೆ ಇಲ್ಲವಾದರು?

ಇದನ್ನು ಬರೆದಿಟ್ಟವರಲ್ಲಿ ಒಬ್ಬರು ಬಾಮ್ ಅವರ ಸ್ವಂತ ಅತ್ತೆ. ಹೆಂಡತಿ ಮಾಡ್ ಅವರ ತಾಯಿ, ಮ್ಯಾಟಿಲ್ಡಾ ಜಾಸ್ಲಿನ್ ಗೇಜ್. ಹೆಂಗಸರಿಗೆ ಮತದಾನದ ಹಕ್ಕು ಬೇಕು ಅಂತ ಅಮೆರಿಕದಲ್ಲಿ ಹೋರಾಡಿದವರಲ್ಲಿ ಮುಂಚೂಣಿಯ ಹೆಸರು. ಸೂಸನ್ ಆಂಟನಿ, ಎಲಿಜಬೆತ್ ಸ್ಟಾಂಟನ್ ಜೊತೆ ಸೇರಿ ಆ ಹೋರಾಟದ ಚರಿತ್ರೆ ಬರೆದವರು. 1882ರಲ್ಲಿ ಮಗಳು ಕಾಲೇಜು ಅರ್ಧಕ್ಕೆ ಬಿಟ್ಟು ನಾಟಕದ ತಂಡ ಕಟ್ಟಿಕೊಂಡು ತಿರುಗುವ ಹುಡುಗನನ್ನು ಮದುವೆಯಾಗುತ್ತೇನೆ ಅಂದಾಗ ಗೇಜ್ ಅವರಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಆಮೇಲೆ ಅತ್ತೆ ಅಳಿಯ ಹತ್ತಿರವಾದರು. ಮಕ್ಕಳಿಗೆ ಹೇಳುವ ಕಥೆಗಳನ್ನು ಬರೆದಿಡು ಅಂತ ಅಳಿಯನನ್ನು ಹುರಿದುಂಬಿಸಿದವರೂ ಆಕೆಯೇ.

ಗೇಜ್ 1893ರಲ್ಲಿ ಒಂದು ಪುಸ್ತಕ ತಂದರು. ಅದರಲ್ಲಿ ಮಾಟಗಾತಿಯರ ಮೇಲೇ ಒಂದು ಅಧ್ಯಾಯವಿದೆ. ಯೂರೋಪಿನಲ್ಲಿ ಮಾಟಗಾತಿ ಅಂತ ಸುಟ್ಟದ್ದು, ನೇಣಿಗೆ ಹಾಕಿದ್ದು ಬಹಳ ಸಲ ತಿಳಿವಳಿಕೆ ಇದ್ದ ಹೆಂಗಸರನ್ನು, ಬೇರು ನಾರಿನ ಮದ್ದು ಗೊತ್ತಿದ್ದವರನ್ನು ಅಂತ ಅವರ ವಾದ. ಸತ್ತವರ ಸಂಖ್ಯೆಯನ್ನು ಅವರು ತೊಂಬತ್ತು ಲಕ್ಷ ಅಂತ ಕೊಟ್ಟರು. ಅದು ಜಾಸ್ತಿಯಾಯಿತು. ಈಗಿನ ಇತಿಹಾಸಕಾರರ ಅಂದಾಜು 40,000ದಿಂದ 60,000. ಎಲ್ಲರೂ ಮದ್ದು ಕೊಡುವವರೂ ಆಗಿರಲಿಲ್ಲ, ಎಲ್ಲರೂ ಹೆಂಗಸರೂ ಅಲ್ಲ. ಆದರೆ ಬಹುಪಾಲು ಹೆಂಗಸರು, ಅನ್ನುವುದರಲ್ಲಿ ಅನುಮಾನವಿಲ್ಲ. ಅಮೆರಿಕದ ಸೇಲಂ ಊರಲ್ಲಿ 1692ರಲ್ಲಿ ನೇಣಿಗೇರಿಸಿದ 19 ಜನರಲ್ಲಿ 14 ಹೆಂಗಸರು.

ಗೇಜ್ 1898ರಲ್ಲಿ ತೀರಿಕೊಂಡರು, ಷಿಕಾಗೋದಲ್ಲಿ, ಮಗಳು ಅಳಿಯನ ಮನೆಯಲ್ಲೇ. ಎರಡು ವರ್ಷಕ್ಕೆ ಓಜ್ ಪುಸ್ತಕ ಬಂತು. ನರೆತ ತಲೆಯ, ಸುಕ್ಕುಮುಖದ, ಮಾತಿನಲ್ಲಿ ಖಚಿತವಾದ ಒಬ್ಬ ಮುದುಕಿ ಅದರಲ್ಲಿ ನಿಂತು, ನಾವೆಲ್ಲ ಕೆಟ್ಟವರು ಅನ್ನುವುದು ದೊಡ್ಡ ತಪ್ಪು ಅಂತ ಒಂದು ಮಗುವಿಗೆ ಹೇಳುತ್ತಾಳೆ. ಅತ್ತೆಯ ನೆರಳು ಈ ಕಥೆಯಲ್ಲಿದೆ ಅಂತ ಬಾಮ್ ಅವರನ್ನು ಆಳವಾಗಿ ಓದಿದ ಹಲವರು ಹೇಳುತ್ತಾ ಬಂದಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಅದಕ್ಕೇ ಆ ಪದ ಬದಲಿಸಲು ನನಗೆ ಮನಸ್ಸು ಬರಲಿಲ್ಲ. ನಿಮ್ಮ ಊರಿನ ಆ ಹೆಂಗಸನ್ನು ಕಾಡಿದ ಪದ ಇದೇ. ಮಗುವಿನ ಕಿವಿಗೆ ಅದು ಮೊದಲ ಸಲ ಬೀಳುವಾಗ ಪಕ್ಕದಲ್ಲಿ ‘ಒಳ್ಳೆಯ’ ಅಂತ ಇರಲಿ ಅನ್ನುವುದು ನನ್ನ ಆಸೆ.

ಈಗ ಪಾದರಕ್ಷೆ. ಉತ್ತರದ ಅಜ್ಜಿ ಸತ್ತವಳ ಬೆಳ್ಳಿ ಪಾದರಕ್ಷೆ ಎತ್ತಿ, ಧೂಳು ಕೊಡವಿ ಡೊರೊತಿಗೆ ಕೊಡುತ್ತಾಳೆ. ಅದರಲ್ಲಿ ಏನೋ ಮಂತ್ರವಿದೆ, ಏನು ಅಂತ ನಮಗೆ ಯಾವತ್ತೂ ತಿಳಿಯಲಿಲ್ಲ ಅಂತ ಕುಳ್ಳರಲ್ಲಿ ಒಬ್ಬ ಹೇಳುತ್ತಾನೆ. ಅಜ್ಜಿಗೂ ಗೊತ್ತಿಲ್ಲ. ಗೊತ್ತಿದ್ದು ಮುಚ್ಚಿಟ್ಟವಳಲ್ಲ ಅವಳು. ಸಿನಿಮಾದಲ್ಲಿ ಇಬ್ಬರನ್ನೂ ಒಂದು ಮಾಡಿದ್ದರಿಂದ, ಎಲ್ಲ ಗೊತ್ತಿದ್ದವಳೇ ಮಗುವನ್ನು ಕಾಡುಮೇಡು ಅಲೆಸಿದ ಹಾಗಾಯಿತು. ಹೇಳಿದ್ದರೆ ಇವಳು ನಂಬುತ್ತಿರಲಿಲ್ಲ, ತಾನೇ ಕಲಿಯಬೇಕಿತ್ತು ಅಂತ ಅಲ್ಲಿ ಗ್ಲಿಂಡಾ ಸಮಜಾಯಿಷಿ ಕೊಡುತ್ತಾಳೆ. ಮನೆ ತಪ್ಪಿ ಅಳುವ ಮಗುವಿಗೆ ಯಾರಾದರೂ ಹಾಗೆ ಮಾಡುತ್ತಾರಾ? ನಿಮ್ಮ ಮೊಮ್ಮಗಳ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಈ ಅಜ್ಜಿಗೆ ಸಲ್ಲುವುದಿಲ್ಲ.

ಗೊತ್ತಿಲ್ಲದಿದ್ದರೂ ಅವಳು ಸುಮ್ಮನೆ ಕೂರಲಿಲ್ಲ. ಟೋಪಿ ತೆಗೆದು ಅದರ ಚೂಪು ತುದಿಯನ್ನು ಮೂಗಿನ ಮೇಲೆ ನಿಲ್ಲಿಸಿ ಒಂದು, ಎರಡು, ಮೂರು ಅಂತ ಎಣಿಸಿದಳು. ಟೋಪಿ ಸ್ಲೇಟಾಯಿತು. ಡೊರೊತಿ ಪಚ್ಚೆಯ ನಗರಕ್ಕೆ ಹೋಗಲಿ ಅಂತ ಅದರ ಮೇಲೆ ಬಳಪದಲ್ಲಿ ಬರೆದಿತ್ತು. ನೀವೂ ಜೊತೆಗೆ ಬರ್ತೀರಾ ಅಂತ ಹುಡುಗಿ ಕೇಳಿದಳು. ಬರಲಾಗದು ಅಂದ ಅಜ್ಜಿ, ಹಣೆಗೆ ಮೆಲ್ಲಗೆ ಒಂದು ಮುತ್ತು ಕೊಟ್ಟಳು. ತುಟಿ ತಾಗಿದ ಜಾಗದಲ್ಲಿ ದುಂಡನೆಯ ಹೊಳೆಯುವ ಗುರುತು ಉಳಿಯಿತು. ನಮ್ಮಲ್ಲಿ ಕೂಸಿಗೆ ದೃಷ್ಟಿಬೊಟ್ಟು ಇಟ್ಟು ಕಳಿಸುವ ಹಾಗೆ.

ನಮ್ಮ ಕಥೆಗಳ ಅಡಗೂಲಜ್ಜಿಯೂ ಹೀಗೇ ಅಲ್ವಾ? ದಾರಿ ತಪ್ಪಿದ ರಾಜಕುಮಾರನಿಗೆ ಒಂದು ತುತ್ತು ಹಾಕಿ, ಮಲಗಲು ಜಾಗ ಕೊಟ್ಟು, ಮುಂದಿನ ದಾರಿ ತೋರಿಸುತ್ತಾಳೆ. ಜೊತೆಗೆ ಹೋಗುವುದಿಲ್ಲ.

ಆ ಮುತ್ತು ಮುಂದೆ ಕೆಲಸಕ್ಕೆ ಬರುತ್ತದೆ. ಪಶ್ಚಿಮದ ಕೆಟ್ಟ ಮಾಟಗಾತಿ ರೆಕ್ಕೆಯ ಕೋತಿಗಳನ್ನು ಬಿಡುತ್ತಾಳೆ. ಡೊರೊತಿಗೆ ದಾರಿಯಲ್ಲಿ ಜೊತೆಯಾದ ಗೆಳೆಯರಲ್ಲಿ ಬೆದರುಗೊಂಬೆಯ ಹುಲ್ಲನ್ನು ಅವು ಕಿತ್ತೆಸೆಯುತ್ತವೆ, ತಗಡಿನ ಮನುಷ್ಯನನ್ನು ಕಲ್ಲಿನ ಮೇಲೆ ಎತ್ತಿಹಾಕುತ್ತವೆ. ಡೊರೊತಿಯ ಹಣೆ ನೋಡಿದ್ದೇ, ಇವಳನ್ನು ಮುಟ್ಟಬಾರದು, ಒಳ್ಳೆಯದರ ಬಲ ಇವಳನ್ನು ಕಾಯುತ್ತಿದೆ, ಕೆಟ್ಟದ್ದಕ್ಕಿಂತ ಅದು ದೊಡ್ಡದು ಅಂತ ಅವುಗಳ ನಾಯಕ ತಡೆಯುತ್ತಾನೆ. ಬಲ ಕಡಿಮೆ ಅಂತ ತಾನೇ ಹೇಳಿಕೊಂಡ ಮುದುಕಿಯ ಮುತ್ತು ಅದು.

ಗ್ಲಿಂಡಾ ಬರುವುದು ಕಥೆಯ ಕೊನೆಗೆ. ಕೆಂಪು ಕೂದಲು, ಬಿಳಿ ಉಡುಪು, ಮಾಣಿಕ್ಯದ ಸಿಂಹಾಸನ. ಪಾದರಕ್ಷೆಯ ಗುಟ್ಟು ಗೊತ್ತಿದ್ದವಳು ಇವಳು, ಡೊರೊತಿ ಸಿಕ್ಕಿದ ದಿನವೇ ಹೇಳಿಬಿಡುತ್ತಾಳೆ. ಅದಕ್ಕೆ ಮೊದಲು ಹುಡುಗಿಯ ಹತ್ತಿರ ಇದ್ದ ಬಂಗಾರದ ಟೋಪಿ ಕೇಳುತ್ತಾಳೆ. ಚಿಕ್ಕಂದಿನಲ್ಲಿ ಇದನ್ನು ಓದಿದಾಗ ನನಗೆ ಬೇಜಾರಾಗಿತ್ತು, ಇವಳೂ ಬೆಲೆ ಕೇಳಿದಳಲ್ಲ ಅಂತ. ಆದರೆ ಟೋಪಿ ಇದ್ದವರು ಕೋತಿಗಳಿಗೆ ಮೂರು ಆಜ್ಞೆ ಕೊಡಬಹುದು. ಗ್ಲಿಂಡಾ ಆ ಮೂರನ್ನೂ ಡೊರೊತಿಯ ಮೂವರು ಗೆಳೆಯರಾದ ಬೆದರುಗೊಂಬೆ, ತಗಡಿನ ಮನುಷ್ಯ, ಸಿಂಹ ಇವರನ್ನು ಅವರವರ ಜಾಗಕ್ಕೆ ಮುಟ್ಟಿಸಲು ಬಳಸುತ್ತಾಳೆ. ಆಮೇಲೆ ಟೋಪಿಯನ್ನು ಕೋತಿಗಳ ರಾಜನಿಗೇ ಕೊಟ್ಟುಬಿಡುತ್ತಾಳೆ. ಇನ್ನು ಮೇಲೆ ಅವು ಯಾರ ಆಳೂ ಅಲ್ಲ. ತನಗಾಗಿ ಒಂದೂ ಇಟ್ಟುಕೊಳ್ಳಲಿಲ್ಲ.

ಮೊದಲ ದಿನವೇ ಮನೆಗೆ ಹೋಗಬಹುದಿತ್ತು ಅಂತ ಅವಳು ಹೇಳಿದಾಗ ಬೆದರುಗೊಂಬೆ ಬಾಯಿ ಹಾಕುತ್ತದೆ: ಹಾಗಾಗಿದ್ದರೆ ನನಗೆ ಬುದ್ಧಿ ಸಿಗುತ್ತಿರಲಿಲ್ಲ, ಜೋಳದ ಹೊಲದಲ್ಲೇ ಇರುತ್ತಿದ್ದೆ. ನಾನು ಕಾಡಲ್ಲಿ ತುಕ್ಕು ಹಿಡಿದು ನಿಂತಿರುತ್ತಿದ್ದೆ ಅನ್ನುತ್ತಾನೆ ತಗಡಿನವನು. ನಾನು ಪುಕ್ಕಲನಾಗಿಯೇ ಉಳಿಯುತ್ತಿದ್ದೆ ಅನ್ನುತ್ತದೆ ಸಿಂಹ. ಈ ಗೆಳೆಯರಿಗೆ ಉಪಯೋಗವಾದೆನಲ್ಲ ಅಂತ ಡೊರೊತಿಗೆ ಸಂತೋಷ. ಆ ಕಂತು ಬರಲು ಇನ್ನೂ ಸಮಯವಿದೆ. ಮೊಮ್ಮಗಳಿಗೆ ಈಗಲೇ ಓದಬೇಡಿ.

ಬಾಮ್ ಒಟ್ಟು 14 ಓಜ್ ಕಾದಂಬರಿ ಬರೆದರು. ಅವರು 1919ರಲ್ಲಿ ತೀರಿಕೊಂಡ ಮೇಲೆ, 1920ರಲ್ಲಿ ಬಂದ ಕೊನೆಯದರ ಹೆಸರಲ್ಲೇ ಗ್ಲಿಂಡಾ ಇದ್ದಾಳೆ. 1904ರ ಎರಡನೇ ಪುಸ್ತಕದಲ್ಲಿ ಅವಳದೊಂದು ಮಾತಿದೆ: ರೂಪ ಬದಲಿಸುವ ಮಂತ್ರ ತಾನು ಮಾಡುವುದಿಲ್ಲ, ಅದು ಪ್ರಾಮಾಣಿಕವಲ್ಲ, ಇಲ್ಲದ್ದನ್ನು ಇರುವ ಹಾಗೆ ತೋರಿಸುವುದು ಮರ್ಯಾದಸ್ಥರ ಕೆಲಸವಲ್ಲ ಅಂತ. ನಮ್ಮ ಎರಡನೇ ಕಂತಿನ ಚಿತ್ರ ನೋಡಿದಾಗಲೆಲ್ಲ ಈ ಮಾತು ನನ್ನನ್ನು ಚುಚ್ಚುತ್ತದೆ.

ಮುಂದಿನ ಸಂಚಿಕೆಯಲ್ಲಿ ಹೊಸ ಚಿತ್ರ ಬರುತ್ತದೆ. ಸುಕ್ಕು, ನರೆಗೂದಲು, ಮೂಗಿನ ಮೇಲೆ ಟೋಪಿ, ಎಲ್ಲ ಇರುತ್ತದೆ. ಅಷ್ಟರಲ್ಲಿ ನಿಮ್ಮ ಮೊಮ್ಮಗಳೂ ಒಂದು ಬರೆದು ಕಳಿಸಲಿ, ಪಕ್ಕದಲ್ಲೇ ಅಚ್ಚು ಹಾಕುತ್ತೇವೆ. ಪದ ಮಾತ್ರ ನಿಮಗೆ ಬಿಟ್ಟದ್ದು. ಬಾಯಿಗೆ ಬರದಿದ್ದರೆ ‘ಉತ್ತರದ ಅಜ್ಜಿ’ ಅಂತ ಓದಿ. ಆದರೆ ಡೊರೊತಿ ಹೆದರುವ ಆ ಒಂದು ಸಾಲಿನಲ್ಲಿ ‘ಮಾಟಗಾತಿ’ ಅಂತಲೇ ಇರಲಿ. ಮೊಮ್ಮಗಳು ಕೇಳಿದರೆ ನಿಮ್ಮ ಊರಿನ ಆ ಹೆಂಗಸಿನ ಕಥೆಯನ್ನೂ ಹೇಳಿ. ಎಂಟು ವರ್ಷಕ್ಕೆ ಅದು ಅರ್ಥವಾಗುತ್ತದೆ.

ಟೊಟೊ ವಿಷಯ ಮರೆತಿಲ್ಲ. ಅಜ್ಜಿ ಎಡಗಾಲಿನ ಹಿಮ್ಮಡಿಯ ಮೇಲೆ ಮೂರು ಸುತ್ತು ತಿರುಗಿ ಮಾಯವಾದಳಲ್ಲ, ಅವಳು ಎದುರಿಗಿದ್ದಷ್ಟು ಹೊತ್ತು ಅದಕ್ಕೆ ಗುರುಗುಟ್ಟಲೂ ಧೈರ್ಯವಿರಲಿಲ್ಲ. ಹೋದಳು ಅಂತ ಖಾತ್ರಿಯಾದ ಮೇಲೆ ಜೋರಾಗಿ ಬೊಗಳಿತು.

ಸಂಪಾದಕ